ಬಚ್ಚಲೊಲೆಯ ಮೇಲಿನ ಬೀಟೆ

ಬೀಟೆ ಮರದ ತೆಳು ಪಟ್ಟಿ ಮುರಿಯುವಾಗ ಎರಡು ಸಲ ಸದ್ದು ಮಾಡುತ್ತದೆ. ಮೊದಲನೆಯದು ಸಣ್ಣದು, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ. ಎರಡನೆಯದು ಬೀದಿಗೂ ಕೇಳಿಸುತ್ತದೆ. ಎರಡರ ನಡುವೆ ಕೈ ಹಿಂದಕ್ಕೆ ತೆಗೆಯುವಷ್ಟು ಹೊತ್ತು ಇರುವುದಿಲ್ಲ. ‘ಅಯ್ಯೋ’ ಅನ್ನುವಷ್ಟು ಮಾತ್ರ ಇರುತ್ತದೆ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ಹಲಸೂರಿನ ಓಣಿಯೊಂದರ ಗಿಟಾರ್ ಅಂಗಡಿಯಲ್ಲಿ, ನನ್ನ ತಮ್ಮ ಆ ಎರಡು ಸದ್ದುಗಳನ್ನು ಮತ್ತೆ ಮತ್ತೆ ಕೇಳಿದ. ಪ್ರತಿ ಸಲವೂ ನಾನು ಅವನನ್ನು ಬೈದೆ.

ಅಂಗಡಿಯವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಹರೆಯದಲ್ಲಿ ಮದುವೆ ಬ್ಯಾಂಡುಗಳಲ್ಲಿ ನುಡಿಸಿ, ಆಮೇಲೆ ಕೈಯಲ್ಲೇ ಗಿಟಾರ್ ಮಾಡುವುದನ್ನು ಕಲಿತವರು. ಮನೆಮಾತು ತಮಿಳು, ನಮ್ಮೊಡನೆ ಕನ್ನಡದಲ್ಲೇ ಮಾತಾಡಿದರೂ ಸಿಟ್ಟು ಬಂದಾಗ ಕರ್ತರನ್ನು ತಮಿಳಿನಲ್ಲೇ ಕರೆಯುತ್ತಿದ್ದರು. ನಾನು ಅಲ್ಲಿ ಮರವನ್ನು ಹೆರೆದು ತೆಳುವಾಗಿಸುವುದು, ಅರಗಿನ ಪಾಲಿಶ್ ಹಾಕುವುದು ಮಾಡುತ್ತಿದ್ದೆ. ಓದಿದ್ದು ಏಳನೇ ಕ್ಲಾಸು. ಹೊರಮಾವಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಬೇಕರಿಯಲ್ಲಿ ಬನ್ನು ತಟ್ಟುತ್ತಿದ್ದ ತಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದವಳೂ ನಾನೇ.

ಗಿಟಾರಿನ ಮುಂದಿನ ಹಲಗೆ, ಹಿಂದಿನ ಹಲಗೆ ಎಲ್ಲರಿಗೂ ಕಾಣುತ್ತವೆ. ಇವೆರಡನ್ನೂ ಸೇರಿಸುವ ಸುತ್ತುಗೋಡೆಯನ್ನು ನಾವು ಪಕ್ಕೆ ಎನ್ನುತ್ತಿದ್ದೆವು. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಂದೇ ದಿಮ್ಮಿಯಿಂದ, ಒಂದರ ಪಕ್ಕ ಒಂದರಂತೆ ಕೊಯ್ಯಬೇಕು. ಆಗ ಮರದ ಗೆರೆಗಳು ಕನ್ನಡಿಯಲ್ಲಿ ನೋಡಿದ ಹಾಗೆ ಎರಡೂ ಕಡೆ ಒಂದೇ ಥರ ಬರುತ್ತವೆ. ಪಟ್ಟಿ ಎರಡು ಮಿಲಿಮೀಟರಿಗೆ ಇಳಿಯಬೇಕು. ಆಮೇಲೆ ಅದನ್ನು ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಮೊದಲು ಸೊಂಟ, ಅಂದರೆ ನಡುವೆ ಒಳಕ್ಕೆ ಬರುವ ತಿರುವು. ನಂತರ ಕೆಳಗಿನ ದೊಡ್ಡ ತಿರುವು, ಕೊನೆಗೆ ಮೇಲಿನದು. ಒಂದು ಮುರಿದರೆ ಜೋಡಿಯೇ ಹೋಯಿತು. ಉಳಿದದ್ದಕ್ಕೆ ಹೊಂದುವ ಇನ್ನೊಂದು ಪಕ್ಕೆ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

ಬಗ್ಗಿಸುವ ಕೆಲಸ ಮೊದಲಿಂದಲೂ ಮಾಸ್ಟರದ್ದೇ. ಆದರೆ ಅವರ ಬಲಗೈ ನಡುಗಲು ಶುರುವಾಗಿತ್ತು. ಕೊಳವೆಯ ಮುಂದೆ ನಿಲ್ಲಲು ಇನ್ನೊಬ್ಬ ಬೇಕಿತ್ತು. ತಮ್ಮ ಆ ವರ್ಷವೆಲ್ಲ ಪ್ಯಾಕಿಂಗ್ ಪೆಟ್ಟಿಗೆಯ ಮರ, ಸಿಲ್ವರ್ ಓಕು, ಆಮೇಲೆ ಹಲಸಿನ ಮರ ಹೀಗೆ ಬಗ್ಗಿಸಿ ಬಗ್ಗಿಸಿ ಕೈ ಕುದುರಿಸಿಕೊಂಡಿದ್ದ. ಹಲಸಂತೂ ಅವನ ಕೈಯಲ್ಲಿ ಚಪಾತಿ ಹಿಟ್ಟಿನಂತೆ ಕೇಳುತ್ತಿತ್ತು.

“ತಂಬಿ, ಬೀಟೆ ಒಂದು ಜೋಡಿ ಬಗ್ಗಿಸಿ ತೋರ್ಸು. ಕೊಳವೆ ನಿಂದು,” ಎಂದರು ಮಾಸ್ಟರ್. “ಇಲ್ಲಾಂದ್ರೆ ಕ್ರಿಸ್‌ಮಸ್ ಮುಗಿಸ್ಕೊಂಡು ನಮ್ಮಕ್ಕನ ಮಗ ಬರ್ತಾನೆ ಕೋಲಾರದ ಕಡೆಯಿಂದ. ಬಡಗಿ ಕೆಲಸ ಗೊತ್ತು ಅವನಿಗೆ. ಅವನಿಗೆ ಕೊಟ್ಬಿಡ್ತೀನಿ.”

ಆ ಬೀಟೆ ಬಂದದ್ದು ಕಾಕ್ಸ್ ಟೌನಿನ ಒಬ್ಬ ಸಂಗೀತದ ಟೀಚರಮ್ಮನಿಂದ. ಅವರ ತಂದೆ ಎಂದೋ ತರಿಸಿಟ್ಟ ದಿಮ್ಮಿಯ ತುಂಡು ಬಂಗಲೆಯ ಶೆಡ್ಡಿನಲ್ಲಿ ಬಿದ್ದಿತ್ತು. ಬಂಗಲೆ ಕೆಡವಿ ಫ್ಲ್ಯಾಟು ಕಟ್ಟುವವರು ಮೊದಲು ಶೆಡ್ಡಿನ ಹೆಂಚು ಇಳಿಸಿದರು, ಅದೂ ಮಳೆಗಾಲದಲ್ಲಿ. ತುಂಡು ತಿಂಗಳುಗಟ್ಟಲೆ ನೆನೆಯಿತು. “ಅಪ್ಪನ ಮರ ಇದು. ಈಸ್ಟರ್‌ಗೆ ಚರ್ಚಲ್ಲಿ ಇದನ್ನೇ ನುಡಿಸ್ಬೇಕು ಅಂತ ಆಸೆ,” ಎಂದು ಆಟೋದಲ್ಲಿ ತಂದು ಇಳಿಸಿ ಹೋದರು. ಶಿವಾಜಿನಗರದ ಮರ ಕೊಯ್ಯುವ ಭಾಯಿ ಅದರಿಂದ ಪಕ್ಕೆಗೆ ಎಂಟು ಪಟ್ಟಿ, ಅಂದರೆ ನಾಲ್ಕು ಜೋಡಿ ತೆಗೆದುಕೊಟ್ಟ. ಅಂಚಿನಿಂದ ಬಂದ ಇನ್ನೊಂದರಲ್ಲಿ ಗಂಟಿತ್ತು. ಅದು ಲೆಕ್ಕಕ್ಕಿಲ್ಲ ಎಂದು ಪಕ್ಕಕ್ಕಿಟ್ಟೆವು.

ಪಟ್ಟಿಗಳು ಕೈಗೆ ತಣ್ಣಗೆ, ಭಾರವಾಗಿ ಹತ್ತುತ್ತಿದ್ದವು. ಮಾಸ್ಟರ್ ಹೇಳಿದರು: “ಅಟ್ಟದ ಮೇಲೆ ನೆರಳಲ್ಲಿ, ಗಾಳಿ ಆಡೋ ಹಾಗೆ ತೂಗುಹಾಕು. ಸಂಕ್ರಾಂತಿ ತನಕ ಯಾರೂ ಮುಟ್ಬಾರ್ದು.”

ಸಂಕ್ರಾಂತಿ! ಅಕ್ಕನ ಮಗ ಬರುವುದು ಕ್ರಿಸ್‌ಮಸ್ಸಿನ ಮರುದಿನ. ಸಂಕ್ರಾಂತಿಗೆ ಮರ ಒಣಗುವ ಹೊತ್ತಿಗೆ ಕೊಳವೆ ಅವನ ಕೈಗೆ ಹೋಗಿರುತ್ತಿತ್ತು. ಮಾಸ್ಟರಿಗೆ ಇದು ಹೊಳೆಯಲೇ ಇಲ್ಲವೋ, ಹೊಳೆದೂ ಸುಮ್ಮನಿದ್ದರೋ ತಿಳಿಯದೆ ನನಗೆ ಮೈಯೆಲ್ಲ ಉರಿಯಿತು. ತಮ್ಮನನ್ನು ಕೇಳಿದರೆ, “ಮರ ಒಣಗ್ದಾಗ ಒಣಗುತ್ತೆ ಬಿಡಕ್ಕ,” ಎಂದ. ಅವನ ಈ ‘ಬಿಡಕ್ಕ’ ನನಗೆ ಮೊದಲಿಂದಲೂ ಆಗಿಬರುತ್ತಿರಲಿಲ್ಲ.

ಅಂಗಡಿಯ ಅಟ್ಟಕ್ಕೆ ಹತ್ತುತ್ತಿದ್ದವಳು ನಾನೊಬ್ಬಳೇ. ಅರಗು, ಸ್ಪಿರಿಟ್ಟು ಎಲ್ಲ ಅಲ್ಲೇ ಇರುತ್ತಿತ್ತು. ದಸರೆಯ ರಜೆ ಬಂದಾಗ ಎಂಟು ಪಟ್ಟಿಗಳನ್ನೂ ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ನಮ್ಮದು ಹೊಲ ಉಳುತ್ತಿದ್ದ ಮನೆ. ಎತ್ತು ಮಾರಿ ಎಷ್ಟೋ ವರ್ಷವಾಗಿದ್ದರೂ ಬಚ್ಚಲ ಮನೆ ಹಾಗೆಯೇ ಇತ್ತು: ಒಲೆ, ಒಲೆಯ ಮೇಲೆ ಹಂಡೆ, ಹಂಡೆಯ ಮೇಲೆ ಮಸಿ ಹಿಡಿದ ಬಿದಿರಿನ ಅಟ್ಟ. ನೊಗಕ್ಕೆ, ನೇಗಿಲಿಗೆ ಮರ ತಂದರೆ ಅಪ್ಪ ಮೊದಲು ಆ ಅಟ್ಟಕ್ಕೆ ಏರಿಸುತ್ತಿದ್ದ. ಒಲೆಯ ಹೊಗೆ, ಕಾವು ಕುಡಿದ ಮರಕ್ಕೆ ಹುಳ ಹಿಡಿಯುವುದಿಲ್ಲ, ಕಲ್ಲಿನಂತೆ ಗಟ್ಟಿಯಾಗುತ್ತದೆ, ಬೇಗ ಒಣಗುತ್ತದೆ. ಹುಟ್ಟಿದಂದಿನಿಂದ ಕಂಡದ್ದು. ಇದಕ್ಕಿಂತ ಒಳ್ಳೆಯ ಜಾಗ ಮರಕ್ಕೆ ಎಲ್ಲಿದೆ ಎಂದುಕೊಂಡು, ಸೀರೆಯ ಗಂಟನ್ನು ಹಳೆಯ ಕುಂಟೆಯ ಹಿಂದೆ ತಳ್ಳಿದೆ.

ತಮ್ಮ ಆಗ ಕಮ್ಮನಹಳ್ಳಿಯಲ್ಲಿ ಬೇಕರಿಯ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ಭಾನುವಾರ ಮನೆಗೆ ಬಂದು ಎಣ್ಣೆಸ್ನಾನ ಮಾಡಿ, ಆ ಗಂಟಿನ ಕೆಳಗೇ ನಿಂತು ತಲೆ ಒರೆಸಿಕೊಂಡು ಹೋದ. ನಾನು ಎಂದಿಗಿಂತ ಹೆಚ್ಚು ನೀಲಗಿರಿ ಸೊಪ್ಪು ಒಲೆಗೆ ಒಟ್ಟಿದೆ.

ದೀಪಾವಳಿ ಕಳೆದ ಮೇಲೆ ಪಟ್ಟಿಗಳನ್ನು ಅಂಗಡಿಗೆ ವಾಪಸು ತಂದೆ. ಹತ್ತಿಯಂತೆ ಹಗುರಾಗಿದ್ದವು. ಮೇಲಿನ ಮಸಿಯನ್ನು ಉಕ್ಕಿನ ತಗಡಿನಿಂದ ಹೆರೆದು ತೆಗೆದೆ. ಮಾಸ್ಟರ್ ಒಂದನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದರು. ಟಣ್ ಎಂದಿತು.

“ಇಷ್ಟು ಬೇಗ ಒಣಗ್ತಾ? ಹೇಗಮ್ಮಾ?”

“ಸೂರಿನ ಶೀಟಿನ ಕಾವಿಗೆ ಇರ್ಬೇಕು ಮಾಸ್ಟರ್. ಅಟ್ಟ ಹಗಲೆಲ್ಲ ಬೇಯ್ತಾ ಇರುತ್ತೆ.”

ಅವರು ಇನ್ನೊಂದು ಸಲ ತಟ್ಟಿ ಕೆಳಗಿಟ್ಟರು. ನನ್ನ ಸುಳ್ಳು ಅಷ್ಟು ಸಲೀಸಾಗಿ ನಡೆದುಬಿಟ್ಟಿತು.

ಮೊದಲ ಪಟ್ಟಿಯನ್ನು ಎರಡು ಮಿಲಿಮೀಟರಿಗೆ ಇಳಿಸಿ ಕೊಟ್ಟೆ. ತಮ್ಮ ಬೆಂಚಿಗೆ ಬಿಗಿದ ಕೊಳವೆಯೊಳಗೆ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಹಚ್ಚಿದ. ಕೊಳವೆಯ ಮೇಲೆ ನೀರಿನ ಹನಿ ಚಿಮುಕಿಸಿದ. ಹನಿ ಅಂಟದೆ, ಆವಿಯಾಗದೆ ಕುಣಿದು ಉರುಳಿತು, ಕಾವು ಸರಿಯಾಗಿತ್ತು. ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಹೊರಮೈಗೆ ತೆಳು ತಗಡಿನ ಆಸರೆ ಕೊಟ್ಟು, ಸೊಂಟದ ಗುರುತನ್ನು ಕೊಳವೆಗೆ ತಾಗಿಸಿ ಮೆಲ್ಲಗೆ ತೂಗಿದ. ಹೀಗೆ ತೂಗುತ್ತಿರುವಾಗ ಒಂದು ಗಳಿಗೆಯಲ್ಲಿ ಮರ ಒಳಗಿನಿಂದ ಸಡಿಲುತ್ತದೆ, ನೆನೆದ ಚರ್ಮದಂತೆ. ಆ ಗಳಿಗೆಗೆ ಕಾಯಬೇಕು. ಅದಕ್ಕೆ ಮೊದಲು ಒತ್ತಬಾರದು.

ಬಟ್ಟೆಯಿಂದ ಆವಿ ಎದ್ದಿತು. ತಮ್ಮ ತಲೆ ಎತ್ತಿ ಮೂಸಿದ.

“ಅಕ್ಕ, ನಮ್ಮನೆ ಬಚ್ಚಲು ವಾಸ್ನೆ ಬರ್ತಿದೆ ಅಲ್ವಾ?”

“ಸೀಮೆಎಣ್ಣೆ ವಾಸ್ನೆ ಅದು. ಕೆಲ್ಸ ನೋಡೋ,” ಎಂದೆ.

ಅವನು ಕಾದ. ಮರ ಸಡಿಲಲಿಲ್ಲ. ಇನ್ನೂ ಕಾದ. ಇನ್ನೊಂದಿಷ್ಟು ನೀರು, ಇನ್ನೊಂದಿಷ್ಟು ಕಾವು. ಕೊನೆಗೆ ಕೂದಲೆಳೆಯಷ್ಟು ಒತ್ತಿದ. ಲೊಚ್. ಚಟ್.

ಆ ಓಣಿಯ ಸಂಗತಿ ಹೇಳಬೇಕು. ಅಲ್ಲಿ ಒಂದು ಮೊಳೆ ಬಾಗಿದರೂ ಹತ್ತು ಜನ ಬಂದು ಉಪಾಯ ಹೇಳುತ್ತಾರೆ. ಟೀ ಅಂಗಡಿಯವನು ಗಂಜಿಯಲ್ಲಿ ಕುದಿಸಿ ಎಂದ. ಎದುರುಮನೆಯ ಅಜ್ಜಿ ಹರಳೆಣ್ಣೆ ಸವರಿ ಎಂದಳು. ತಂತಿ ತಂದುಕೊಡುವ ಶಿವಾಜಿನಗರದ ಇನ್ನೊಬ್ಬ ಭಾಯಿ ಒಗೆದ ಬಟ್ಟೆ ಮೆತ್ತಗಾಗಲೆಂದು ಹಾಕುವ ನೀರಿನ ಸ್ಯಾಷೆಯನ್ನೇ ತಂದುಕೊಟ್ಟ: “ಬೆಹೆನ್, ಹಮಾರಾ ಸ್ವೆಟರ್ ಇದ್ರಲ್ಲಿ ಬೆಣ್ಣೆ ಆಗ್ತದೆ. ನಿಮ್ದು ಲಕ್ಡಿ ಆಗಲ್ವಾ?” ಒಬ್ಬ ಗಿರಾಕಿ ತನ್ನ ಗಿಟಾರಿನ ತಂತಿ ಬಿಗಿಯುವ ಕಿವಿ ಸರಿಮಾಡಿಸಲು ಬಂದು, ಬಾಗಿಲಲ್ಲೇ ನಿಂತು, “ಪ್ಲೈವುಡ್ ಹಾಕ್ಬಿಡು ಮಗಾ, ಟೆನ್ಷನ್ನೇ ಇಲ್ಲ,” ಎಂದ. ನಾನು ಅವನ ಗಿಟಾರಿನ ಕಿವಿಯನ್ನಲ್ಲದೆ ಅವನದ್ದನ್ನೂ ತಿರುವುವವಳಿದ್ದೆ.

ಎರಡನೆಯ ಪಟ್ಟಿಯನ್ನು ಮಾಸ್ಟರ್ ಹೇಳಿದಂತೆ ಒಂದಿಡೀ ದಿನ ನೀರಿನಲ್ಲಿ ಮುಳುಗಿಸಿಟ್ಟೆವು. ಅದು ನೀರು ಕುಡಿದು ಅಡ್ಡಡ್ಡ ಅಲೆಯೆದ್ದಿತು. ಆದರೂ ಸೊಂಟ ಬಗ್ಗಿತು ಎನಿಸಿತು. ತಮ್ಮ ಹಲ್ಲು ಕಚ್ಚಿ ಹಿಡಿದು, ತಣ್ಣಗಾಗಲು ಬಿಟ್ಟು, ಮರದ ಅಚ್ಚಿಗೆ ಹೊಂದಿಸಿ ನೋಡಿದ. ಸೊಂಟ ಬಗ್ಗಿದ್ದಲ್ಲ, ಹೊರಮೈಯ ಎಳೆಗಳೆಲ್ಲ ಒಡೆದು ತಗಡಿನ ಆಸರೆಯ ಹಿಂದೆ ಅಡಗಿ ಕೂತಿದ್ದವು. ತಗಡು ತೆಗೆದೊಡನೆ ಚೂರುಗಳು ಮುಳ್ಳಿನಂತೆ ಎದ್ದವು.

“ನಿನ್ ಕೈ ಎಲ್ಲಿಟ್ಟಿದ್ಯೋ? ಹಲಸು ಬಗ್ಗಿಸ್ತೀಯ, ಇದ್ಯಾಕೆ ಬಗ್ಗಲ್ಲ?”

“ಗೊತ್ತಾಗ್ತಿಲ್ಲಕ್ಕ. ಮರ ಏನೂ ಹೇಳ್ತಿಲ್ಲ.”

“ಮರ ಹೇಳುತ್ತಾ? ನೀನ್ ಕೇಳ್ಬೇಕು!”

ಮೂರನೆಯದಕ್ಕೆ ಕೊಳವೆಯನ್ನು ಹೆಚ್ಚು ಕಾಯಿಸಿದ. ಪಟ್ಟಿ ಕಪ್ಪಗೆ ಸುಟ್ಟು, ಉದ್ದಕ್ಕೆ ಸೀಳಿತು. ನಾಲ್ಕನೆಯದನ್ನು ನಾನು ಸ್ವಲ್ಪ ಹೆಚ್ಚೇ ತೆಳುವಾಗಿಸಿ ಕೊಟ್ಟೆ. ಸೊಂಟ ನಿಜವಾಗಿಯೂ ಬಗ್ಗಿತು. ಮಾಸ್ಟರ್ ಕುರ್ಚಿಯಿಂದ ಎದ್ದು ಬಂದರು. ಕೆಳಗಿನ ತಿರುವು ಅರ್ಧಕ್ಕೆ ಬಂದಿತ್ತು; ಆಗ ಲೊಚ್ ಎಂದಿತು. ತಮ್ಮನಿಗೆ ಏನನ್ನಿಸಿತೋ, ಅದನ್ನು ಉಳಿಸಲು ಅಂಗೈಯಿಂದಲೇ ಕೊಳವೆಗೆ ಒತ್ತಿ ಹಿಡಿದ. ಚಟ್ ಎಂಬ ಸದ್ದು, ಅವನ ಚೀತ್ಕಾರ ಎರಡೂ ಒಟ್ಟಿಗೆ ಬಂದವು. ಕೊಳವೆ ಅವನ ಅಂಗೈಗೆ ಬರೆ ಎಳೆದಿತ್ತು.

ಮಾಸ್ಟರ್ ಅವನ ಕೈಯನ್ನು ಬಕೆಟ್ಟಿನ ನೀರಿನಲ್ಲಿ ಹಿಡಿದುಕೊಂಡೇ ಮೆತ್ತಗೆ ಹೇಳಿದರು: “ಎಲ್ಲಾರ್ಗೂ ಈ ಕೈ ಬರಲ್ಲ ತಂಬಿ. ಬೇಜಾರ್ ಮಾಡ್ಕೋಬೇಡ. ತಂತಿ ಕಟ್ಟೋ ಕೆಲಸ ಮಾಡು. ಮಿಕ್ಕಿದ್ದು ನಮ್ಮಕ್ಕನ ಮಗ ಬಂದು ನೋಡ್ಲಿ.”

ಬೈದಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ. ಆ ಮೆತ್ತನೆಯ ಮಾತಿಗೆ ಅವನ ಮುಖ ಸತ್ತೇಹೋಯಿತು.

ಮಾರನೆಯ ದಿನ ಅವನು ಕೈಗೆ ಬ್ಯಾಂಡೇಜ್ ಕಟ್ಟಿಸಲು ಆಸ್ಪತ್ರೆಗೆ ಹೋಗಿದ್ದ. ಮಾಸ್ಟರ್ ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದರು. ನನಗೆ ಎಲ್ಲರ ಮೇಲೂ ಸಿಟ್ಟು: ಟೀಚರಮ್ಮನ ಅಪ್ಪನ ಮೇಲೆ, ಕೊಯ್ದ ಭಾಯಿಯ ಮೇಲೆ, ತಮ್ಮನ ಮೇಲೆ ಇನ್ನೂ ಹೆಚ್ಚು. ಇಷ್ಟು ಸಣ್ಣದೊಂದು ಕೆಲಸ, ಅದೇನು ಕಷ್ಟ, ನಾನೇ ನೋಡೇಬಿಡುತ್ತೇನೆ ಎಂದು ಬ್ಲೋ ಲ್ಯಾಂಪ್ ಹಚ್ಚಿದೆ. ಒಳ್ಳೆಯ ಪಟ್ಟಿ ಮುಟ್ಟುವ ಧೈರ್ಯವಿರಲಿಲ್ಲ. ಗಂಟಿದ್ದ ಒಂಬತ್ತನೆಯ ಪಟ್ಟಿ ನೆನಪಾಯಿತು. ಅದು ಎಂಟರ ಜೊತೆ ನಮ್ಮ ಮನೆಗೆ ಹೋಗಿರಲಿಲ್ಲ. ಮಳೆಗಾಲದಿಂದಲೂ ಅಂಗಡಿಯ ಹಿಂದಿನ ಕಿಟಕಿ ಮುಚ್ಚಿಕೊಳ್ಳದಂತೆ ಅದನ್ನೇ ಆನಿಸಿಟ್ಟಿದ್ದೆವು.

ಗಂಟು ಕತ್ತರಿಸಿ ತೆಗೆದು, ಕೀಸುಳಿ ಆಡಿಸಿ ಇಳಿಸಿದೆ. ಕೀಸುಳಿಯ ಕೆಳಗೆ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಆ ಎಂಟು ಪಟ್ಟಿಗಳದ್ದು ಪುಡಿಪುಡಿಯಾಗಿ ಉದುರುತ್ತಿದ್ದದ್ದು ನೆನಪಾಯಿತು. ಆಗಲೇ ತಿಳಿಯಬೇಕಿತ್ತು. ಒದ್ದೆ ಬಟ್ಟೆ ಸುತ್ತಿ ಕೊಳವೆಗೆ ಹಿಡಿದೆ. ಆವಿ ಎದ್ದಿತು. ಅದರಲ್ಲಿ ಸೀಮೆಎಣ್ಣೆಯೂ ಇರಲಿಲ್ಲ, ಬಚ್ಚಲೂ ಇರಲಿಲ್ಲ. ಗುಲಾಬಿ ಹೂವನ್ನು ಅಂಗೈಯಲ್ಲಿ ಹಿಸುಕಿದಂಥ ಸಿಹಿ ವಾಸನೆ ಅಂಗಡಿಯನ್ನೆಲ್ಲ ತುಂಬಿತು. ಕಾದ ಬೀಟೆಯ ವಾಸನೆ ಹೀಗಿರುತ್ತದೆ ಎಂದು ಮಾಸ್ಟರ್ ಎಷ್ಟೋ ಸಲ ಹೇಳಿದ್ದರು. ಎರಡು ಸಲ ತೂಗಿದೆನೋ ಇಲ್ಲವೋ, ನನ್ನ ಕೈಕೆಳಗೆ ಮರ ಸಡಿಲಿತು. ನಾನು ಒತ್ತಲಿಲ್ಲ. ಅದೇ ಬಂತು.

ಜನ್ಮದಲ್ಲಿ ಒಂದು ಪಟ್ಟಿಯನ್ನೂ ಬಗ್ಗಿಸದ ನನ್ನ ಕೈಯಲ್ಲಿ ಸೊಂಟ ಮೂಡಿತ್ತು. ಅದೇ ದಿಮ್ಮಿ, ಅದೇ ಕೊಳವೆ, ಅದೇ ಸೀಮೆಎಣ್ಣೆ. ಬೇರೆಯಾಗಿದ್ದದ್ದು ನಮ್ಮ ಬಚ್ಚಲ ಅಟ್ಟ ಒಂದೇ. ನೊಗ ಬಾಗಬಾರದೆಂದೇ ಅಪ್ಪ ಮರವನ್ನು ಅಲ್ಲಿಡುತ್ತಿದ್ದ. ಬಾಗಬೇಕಾದ ಮರವನ್ನು ನಾನು ಅಲ್ಲಿಟ್ಟಿದ್ದೆ.

ಅವತ್ತೇ ಹೇಳಬಹುದಿತ್ತು. ಮಾಸ್ಟರ್ ಚೀಲ ಹಿಡಿದು ಒಳಗೆ ಬಂದ ಸದ್ದಾಯಿತು. ನಾನು ಬಗ್ಗಿದ ಪಟ್ಟಿಯನ್ನು ಅರಗಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಮರುದಿನ ಹೇಳೋಣ ಎಂದುಕೊಂಡೆ. ಮರುದಿನ ತಮ್ಮ ಬಂದ, ಕಟ್ಟಿದ ಕೈಯಲ್ಲೇ ತಂತಿಗಳನ್ನು ವಿಂಗಡಿಸುತ್ತಾ ಕೂತ. ಅವನನ್ನು ಬೈದ ಮಾತುಗಳೆಲ್ಲ ಅಡ್ಡ ನಿಂತಿದ್ದವು. ಅವುಗಳನ್ನು ದಾಟಿ ಇದೊಂದು ಮಾತು ಹೊರಗೆ ಬರಲಿಲ್ಲ. ಹೀಗೇ ಒಂದು ವಾರ ಕಳೆದೆ. ಆ ವಾರವೂ ಅವನ ಮೇಲೆ ರೇಗಿದೆ, ತಂತಿ ಗಂಟು ಹಾಕಿದ ಎಂದು.

ಶನಿವಾರ ಅವನು ತನ್ನ ಏಪ್ರನ್ ಮಡಿಸಿ ಬೆಂಚಿನ ಮೇಲಿಟ್ಟ.

“ಸೋಮವಾರದಿಂದ ಬೇಕರಿಗೆ ಹೋಗ್ತೀನಕ್ಕ. ಅಲ್ಲಿ ನನ್ ಜಾಗ ಖಾಲಿ ಇದೆಯಂತೆ.”

“ಸಂಕ್ರಾಂತಿ ತನಕನಾದ್ರೂ ಇರೋ.”

“ಯಾಕೆ? ಅವನು ಬಂದು ಬಗ್ಗಿಸೋದನ್ನ ನೋಡೋಕಾ?” ಸುಟ್ಟ ಕೈಯನ್ನು ತಿರುಗಿಸಿ ನೋಡಿಕೊಂಡ. “ಬನ್ನು ಮುರಿಯಲ್ಲ ನೋಡು. ಅದಕ್ಕೇ ನಂಗೆ ಅದೇ ಸರಿ.”

ಅವನು ಹೋದ. ನಾನು ಸೋಮವಾರ ಅಂಗಡಿ ಬಾಗಿಲು ತೆಗೆದೊಡನೆ ಬಗ್ಗಿದ ಪಟ್ಟಿಯನ್ನು ತಂದು ಮಾಸ್ಟರ ಮೊಣಕಾಲ ಮೇಲಿಟ್ಟೆ. ಅವರು ಅದರ ಸೊಂಟದ ಮೇಲೆ ಹೆಬ್ಬೆರಳು ಆಡಿಸಿದರು.

“ಯಾರು ಮಾಡಿದ್ದು?”

“ನಾನು.”

“ನೀನಾ? ಯಾವ ಮರ?”

“ಟೀಚರಮ್ಮಂದೇ. ಕಿಟಕಿಗೆ ಇಟ್ಟಿದ್ದು. ಮಾಸ್ಟರ್, ಮಿಕ್ಕಿದ ಎಂಟನ್ನ ನಾನು ಮನೆಗೆ ತಗೊಂಡೋಗಿದ್ದೆ. ಬಚ್ಚಲ ಒಲೆ ಮೇಲೆ ಇಟ್ಟಿದ್ದೆ. ಬೇಗ ಒಣಗ್ಲಿ ಅಂತ.”

ಅವರು ಪಟ್ಟಿಯನ್ನು ಬೆಂಚಿನ ಮೇಲಿಟ್ಟರು.

“ಒಲೆ ಮೇಲೆ! ಆಂಡವರೇ! ಬೀಟೇನ! ಅದರ ಒಳಗಿನ ಪಸೆಯೆಲ್ಲ ಬೆಂದು ಗಾಜಾಗಿರುತ್ತೆ. ಇನ್ನು ಎಷ್ಟು ನೀರು ಕುಡಿಸಿದ್ರೂ ಅದು ವಾಪಸ್ ಬರಲ್ಲ. ನೀನೇನಮ್ಮ, ಗಿಟಾರ್ ಮಾಡ್ತಿದ್ದೀಯೋ ನೇಗಿಲು ಮಾಡ್ತಿದ್ದೀಯೋ?” ಎದ್ದರು, ಕೂತರು, ಮತ್ತೆ ಎದ್ದರು. “ಆ ಹುಡ್ಗನ್ ಕೈ ಸರಿಯಿಲ್ಲ ಅಂದ್ಬಿಟ್ನಲ್ಲ ನಾನು. ನನ್ ಬಾಯಲ್ಲೇ ಅಂದ್ಬಿಟ್ನಲ್ಲ!”

ಸಿಟ್ಟು ಇಳಿದ ಮೇಲೆ ಉಳಿದ ನಾಲ್ಕು ಪಟ್ಟಿಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟರು. ಗಾಜಾದರೂ ಕಾಗದದಷ್ಟು ತೆಳುವಾದರೆ ಬಗ್ಗುತ್ತದೆ ಎಂದರು. ಎರಡು ಮಿಲಿಮೀಟರಿನ ಒಂದು ಪಟ್ಟಿಯ ಬದಲು ಒಂದೊಂದು ಮಿಲಿಮೀಟರಿನ ಎರಡು. ಬೇರೆ ಬೇರೆ ಬಗ್ಗಿಸಿ, ಒಂದರ ಮೈಗೆ ಒಂದನ್ನು ಅಂಟಿಸಿ, ಅಚ್ಚಿನಲ್ಲಿ ಬಿಗಿದು ಒಣಗಿಸುವುದು. ಎಡಕ್ಕೆ ಎರಡು, ಬಲಕ್ಕೆ ಎರಡು. ಇದ್ದದ್ದೂ ನಾಲ್ಕೇ.

“ಇಳಿಸೋದು ನೀನು. ಒಂದು ಹರಿದ್ರೂ ಬೇರೆ ಮರ ಇಲ್ಲ. ಬಗ್ಗಿಸೋದು ಅವನು. ಹೋಗು, ಕರ್ಕೊಂಡು ಬಾ.” ಬಾಗಿಲ ತನಕ ಹೋದವಳನ್ನು ತಡೆದು ಕೇಳಿದರು: “ಅವನಿಗೆ ಹೇಳಿದ್ಯಾ, ಒಲೆ ವಿಷಯ?”

“ಇಲ್ಲ.”

“ನೀನೇ ಹೇಳ್ಬೇಕು. ನಾನು ಹೇಳಲ್ಲ.”

ಕಮ್ಮನಹಳ್ಳಿಯ ಬೇಕರಿಯ ಹಿಂಬಾಗಿಲಲ್ಲಿ ತಮ್ಮ ಎಡಗೈಯಲ್ಲಿ ಟ್ರೇ ಹೊರುತ್ತಿದ್ದ. ಮೈಯೆಲ್ಲ ಮೈದಾ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನನ್ನು ನೋಡಿದ ಮೇಲೆ ಬಾಯಿಂದ ಬಂದದ್ದು ಬೇರೆಯೇ.

“ಮಾಸ್ಟರ್ ಕರೀತಿದ್ದಾರೆ. ನಿನ್ ಕೈದು ತಪ್ಪಲ್ವಂತೆ. ಮರದ್ದೇ ತಪ್ಪಂತೆ.”

“ಮರ ಏನಕ್ಕ ತಪ್ಪು ಮಾಡುತ್ತೆ?”

“ನಂಗೇನ್ ಗೊತ್ತು. ಬಾ ಅಂದ್ರೆ ಬಾ,” ಎಂದು ಗದರಿದೆ. ಅವನು ಟ್ರೇ ಇಳಿಸಿ, ಕೈ ಒರೆಸಿಕೊಂಡು, ನನ್ನ ಹಿಂದೆ ಬಂದ.

ಒಂದು ಮಿಲಿಮೀಟರಿಗೆ ಮರ ಇಳಿಸುವುದೆಂದರೆ ಏನೆಂದು ಆಮೇಲಿನ ದಿನಗಳಲ್ಲಿ ಕಲಿತೆ. ಕೀಸುಳಿ ಆಗುವುದಿಲ್ಲ, ಕಚ್ಚಿ ಎಬ್ಬಿಸಿಬಿಡುತ್ತದೆ. ಗಾಜಿನ ಮೇಲೆ ಪಟ್ಟಿಯನ್ನು ಮಲಗಿಸಿ, ಉಕ್ಕಿನ ತಗಡಿನ ಅಂಚಿನಿಂದಲೇ ಹೆರೆಯಬೇಕು. ಹತ್ತು ಸಲ ಎಳೆದು ಒಂದು ಸಲ ಅಳೆಯಬೇಕು. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ದಪ್ಪ. ಅಲ್ಲಿ ಹೆರೆದರೆ ಇಲ್ಲಿ ಬೆಳಕು ಕಾಣುವಷ್ಟು ತೆಳು. ಹೆಬ್ಬೆರಳುಗಳು ಹೆರೆದು ಹೆರೆದು ಕಾದ ತಗಡಿಗೆ ಬೊಬ್ಬೆಯೆದ್ದವು. ಟೀ ಅಂಗಡಿಯವನು ಇಣುಕಿ, “ಅಕ್ಕಾ, ಇನ್ನೂ ಸ್ವಲ್ಪ ಹೆರೆದ್ರೆ ಹಪ್ಪಳ ಆಗುತ್ತೆ,” ಎಂದ. ಮೂರು ಪಟ್ಟಿ ಹೇಗೋ ಇಳಿದವು. ನಾಲ್ಕನೆಯದು ಕೊನೆಯ ಎಳೆತದಲ್ಲಿ ಹರಿಯಿತು. ತಗಡನ್ನು ಗೋಡೆಗೆ ಎಸೆದೆ.

ಮಾಸ್ಟರ್ ಹಲಸಿನ ಒಂದು ಪಟ್ಟಿ ತಂದು ನನ್ನ ಮುಂದಿಟ್ಟರು. ಬಲಪಕ್ಕೆಯ ಒಳಪದರಕ್ಕೆ ಅದು. ಹೊರಗೆ ಕಾಣುವ ಎರಡೂ ಬೀಟೆಯೇ ಇರುತ್ತವೆ ಎಂದರು. “ಒಳಗೆ ಯಾರ್ ನೋಡ್ತಾರೆ.”

ತಮ್ಮ ಗಾಯಕ್ಕೆ ಹಳೆಯ ಬಟ್ಟೆ ಸುತ್ತಿಕೊಂಡು ಕೊಳವೆಯ ಮುಂದೆ ನಿಂತ. ತೆಳು ಬೀಟೆ ಕಾವಿಗೆ ಒಗ್ಗಲು ತಡಮಾಡಿತು, ಆದರೂ ಒಗ್ಗಿತು. ಒಂದೊಂದು ತಿರುವಿಗೂ ಅವನು ನಿಂತು, ತಣಿಸಿ, ಮತ್ತೆ ಒದ್ದೆ ಮಾಡಿ ಮುಂದುವರಿದ. ಮತ್ತೆ ಅದೇ ವಾಸನೆ ಎದ್ದಿತು, ನೀಲಗಿರಿ ಸೊಪ್ಪು, ಮಸಿ, ಹಂಡೆಯ ನೀರು. ಅವನು ಕೈ ನಿಲ್ಲಿಸಲಿಲ್ಲ. ತಲೆಯನ್ನು ಮಾತ್ರ ನನ್ನ ಕಡೆ ತಿರುಗಿಸಿದ. ನಾನು ಬಗ್ಗಿ ಬ್ಲೋ ಲ್ಯಾಂಪಿಗೆ ಗಾಳಿ ಹೊಡೆದೆ, ಅದು ಚೆನ್ನಾಗಿಯೇ ಉರಿಯುತ್ತಿದ್ದರೂ.

ಅವತ್ತು ಅಂಗಡಿಯಲ್ಲಿ ಯಾವ ಸದ್ದೂ ಆಗಲಿಲ್ಲ. ಪದರಗಳ ನಡುವೆ ಬಿಳಿ ಅಂಟು ಸವರಿ ಅಚ್ಚಿಗೆ ಬಿಗಿದೆವು. ಬಿಚ್ಚಿದಾಗ ಎರಡೂ ಪಕ್ಕೆ ಅಚ್ಚಿನಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಾಸ್ಟರ ಅಕ್ಕನ ಮಗ ಕ್ರಿಸ್‌ಮಸ್ ಮುಗಿಸಿ ಬಂದ. ಅವನನ್ನು ಗಿಟಾರಿನ ಕತ್ತು ಕೆತ್ತುವ ಕೆಲಸಕ್ಕೆ ಹಾಕಿದರು. ಕೊಳವೆ ತಮ್ಮನ ಹತ್ತಿರವೇ ಉಳಿಯಿತು. ಈಸ್ಟರಿನ ಹಿಂದಿನ ವಾರ ಟೀಚರಮ್ಮ ಅಂಗಡಿಯಲ್ಲೇ ಕೂತು ಗಿಟಾರನ್ನು ನುಡಿಸಿ ನೋಡಿದರು. ಅದರ ಕಿಂಡಿಯ ಹತ್ತಿರ ಮುಖ ತಂದು, “ಏನೋ ಹೊಗೆ ಥರ ವಾಸ್ನೆ. ನಮ್ಮ ಹಳೇ ಮನೆ ನೆನಪಾಗುತ್ತೆ,” ಎಂದು ಕಣ್ಣು ಒರೆಸಿಕೊಂಡರು. ಮಾಸ್ಟರ್ ನನ್ನ ಕಡೆ ನೋಡಿ, ಆಮೇಲೆ ಸೂರಿನ ಕಡೆ ನೋಡಿದರು.

ಅವರು ನಡುವೆ ಒಂದೆರಡು ಸಲ “ಹೇಳಿದ್ಯಾ?” ಎಂದು ಕೇಳಿದ್ದರು. ನಾನು ಪ್ರತಿ ಸಲ “ಹೇಳ್ತೀನಿ” ಎಂದಿದ್ದೆ. ಆಮೇಲೆ ಕೇಳುವುದನ್ನೂ ಬಿಟ್ಟರು. ಅವರು ತೀರಿಕೊಂಡ ಮೇಲೆ ನನ್ನನ್ನು ಕೇಳುವವರು ಯಾರೂ ಉಳಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ತಮ್ಮ ಕೆ.ಆರ್. ಪುರದಲ್ಲಿ ತನ್ನದೇ ಅಂಗಡಿ ಹಾಕಿದ. ಪಕ್ಕೆ ಬಗ್ಗಿಸುವುದಕ್ಕೆಂದೇ ಬೇರೆ ಕಡೆಯವರೂ ಅವನ ಹತ್ತಿರ ಬರುತ್ತಾರೆ. ಅವನಿಗೆ ಒಂದು ಅಭ್ಯಾಸವಿದೆ. ಯಾರು ಯಾವ ಮರ ತಂದರೂ ತೂಕ ನೋಡುವ ಮೊದಲು, ಗೆರೆ ನೋಡುವ ಮೊದಲು, ಒದ್ದೆ ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿಯುತ್ತಾನೆ.

ಒಂದು ದಿನ ನಾನು ಅಲ್ಲೇ ಕೂತಿದ್ದಾಗ ಗಿರಾಕಿಯೊಬ್ಬ ಬೀಟೆಯ ಹಲಗೆ ತಂದ. ತಮ್ಮ ಅದನ್ನು ಮೂಸುವುದನ್ನು ಕಂಡು ಆ ಗಿರಾಕಿ ನಕ್ಕ: “ಏನ್ ಗುರು, ಮಾವಿನಹಣ್ಣಾ ಅದು?”

ತಮ್ಮನೂ ನಕ್ಕ. ಆಮೇಲೆ ಹಲಗೆಯನ್ನು ನನ್ನ ಕಡೆಗೆ ಚಾಚಿದ.

“ಅಕ್ಕ, ನೀನೂ ಒಂದ್ಸಲ ನೋಡು. ಬಚ್ಚಲು ವಾಸ್ನೆ ಇಲ್ಲ ತಾನೆ?”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಕೊಳವೆಯ ಮುಂದೆ ಮರ ಸಡಿಲಲಿ ಎಂದು ನಿಂತಿರುತ್ತಾನಲ್ಲ, ಹಾಗೆ ಸುಮ್ಮನೆ ಕಾಯುತ್ತಿದ್ದ. ಅಂಗೈಯ ಹಳೆಯ ಬರೆ ಹಲಗೆಯ ಅಂಚಿನಲ್ಲಿ ಕಾಣುತ್ತಿತ್ತು. ನಾನು ಹಲಗೆಯನ್ನು ಮೂಸಿದೆ. ಒಳ್ಳೆಯ ಮರ, ನೆರಳಲ್ಲಿ ಒಣಗಿದ್ದು.

“ಸಾಕು, ಕೆಲ್ಸ ನೋಡೋ,” ಎಂದೆ.

ಅವನು ಇನ್ನೂ ಒಂದು ಗಳಿಗೆ ನಿಂತಿದ್ದ. ಆಮೇಲೆ ತಲೆಯಾಡಿಸಿ ಬ್ಲೋ ಲ್ಯಾಂಪ್ ಹಚ್ಚಿದ.